ಕೆಂಪು ಗೆರೆ ಅಳಿಸುವ ಹೊನ್ನೂರಸ್ವಾಮಿ

ಕೊಳಗಲ್ಲಿನ ಹೊನ್ನೂರಸ್ವಾಮಿಗೆ ನಾನು ಬಳ್ಳಾರಿಯ ಕಾಲೇಜಿನಲ್ಲಿ ಮೂರು ವರ್ಷ ಗಣಿತ ಕಲಿಸಿದೆ. ಕಲಿಸಿದೆ ಎನ್ನುವುದು ನನ್ನ ಕಡೆಯ ಹೇಳಿಕೆ. ಅವನು ಕಲಿತ ಎಂಬುದಕ್ಕೆ ಸಾಕ್ಷಿಯಿಲ್ಲ. ಅವನ ಉತ್ತರಪತ್ರಿಕೆಯಲ್ಲಿ ಮೊದಲ ಸಾಲು ಸರಿಯಿರುತ್ತಿತ್ತು, ಏಕೆಂದರೆ ಅದು ಪ್ರಶ್ನೆಯಲ್ಲೇ ಇರುತ್ತಿತ್ತು. ಕೊನೆಯ ಸಾಲೂ ಸರಿಯಿರುತ್ತಿತ್ತು, ಏಕೆಂದರೆ ಏನನ್ನು ಸಾಧಿಸಬೇಕೆಂದು ಪ್ರಶ್ನೆಯೇ ಹೇಳಿರುತ್ತಿತ್ತು. ಎರಡರ ನಡುವೆ ‘ಆದ್ದರಿಂದ’ ಎಂಬ ಪದವನ್ನು ದೊಡ್ಡದಾಗಿ ಬರೆದು ಅದರ ಕೆಳಗೆ ಎರಡು ಗೆರೆ ಎಳೆಯುತ್ತಿದ್ದ. ಮೂರನೆಯ ಪ್ರಯತ್ನದಲ್ಲಿ ಪಾಸಾದ. ಆ ಸಲ ಪತ್ರಿಕೆ ತಿದ್ದಿದ್ದು ನಾನಲ್ಲ.

ಅವನ ಮುಂದಿನ ಹದಿನೈದು ವರ್ಷಗಳು ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ, ಹಗ್ಗ ತಾಡಪತ್ರಿ ಮಾರುವ ಅಂಗಡಿಯ ಮೇಲಿನ ಮಹಡಿಯಲ್ಲಿ ಕಳೆದವು. ಅಲ್ಲಿ ಅವನ ದೂರದ ಸೋದರಮಾವ ರಾಮಾಂಜಿನಿ ಒಂದು ಕಂಪ್ಯೂಟರ್ ಸೆಂಟರ್ ನಡೆಸುತ್ತಾನೆ. ಹೊನ್ನೂರಸ್ವಾಮಿ ಅಲ್ಲಿ ಅಂಗಡಿ ಲೆಕ್ಕ ಬರೆಯುವ ಟ್ಯಾಲಿಯನ್ನೂ ಟೈಪಿಂಗನ್ನೂ ಕಲಿಸಿದ. ಹೊಸ ವಿದ್ಯಾರ್ಥಿಗಳಿಗೆ ಮೌಸ್ ಹಿಡಿಯುವುದನ್ನು ಮೊದಲ ವಾರವೆಲ್ಲ ಕಲಿಸುತ್ತಿದ್ದ, ಅದು ಅವನಿಗೆ ಚೆನ್ನಾಗಿ ಬರುತ್ತಿತ್ತು. ಓಣಿಯಲ್ಲಿ ಎಲ್ಲರೂ ಅವನನ್ನು ‘ಸರ್’ ಎನ್ನುತ್ತಿದ್ದರು. ಕೆಳಗಿನ ಅಂಗಡಿಯವನು, ಒಗ್ಗರಣಿ ಮಿರ್ಚಿಯ ಗಾಡಿಯವನು, ಎಲ್ಲರೂ. ರಾಮಾಂಜಿನಿ ಮಾತ್ರ ವಿದ್ಯಾರ್ಥಿಗಳ ಎದುರು ‘ಸರ್’ ಎಂದು, ಅವರು ಇಳಿದುಹೋದ ಮೇಲೆ ‘ಲೇ ಹೊನ್ನೂರಾ’ ಎನ್ನುತ್ತಿದ್ದ. ಮದುವೆಯಾಗದ, ಮೂವತ್ತೇಳು ದಾಟಿದ ಮನುಷ್ಯನಿಗೆ ಆ ಎರಡಕ್ಷರವೇ ಮನೆ, ಆಸ್ತಿ, ಸಂಸಾರ. ಅದನ್ನು ಬಿಟ್ಟರೆ ಅವನ ಹತ್ತಿರ ಒಂದು ಬೈಕಿದೆ.

ಹೋದ ವರ್ಷ ರಾಮಾಂಜಿನಿಗೆ ಟ್ಯಾಲಿ ಸಾಕೆನಿಸಿತು. ಡಿಗ್ರಿ ಮುಗಿಸಿದ ಹುಡುಗರು ಟೈಪ್‌ಸ್ಕ್ರಿಪ್ಟ್ ಕೇಳುತ್ತಿದ್ದರು. ವೆಬ್‌ಸೈಟುಗಳನ್ನು ಕಟ್ಟಲು ಬಳಸುವ ಭಾಷೆ ಅದು, ಅದರ ಸ್ವಭಾವ ಬಹಳ ಕಟ್ಟುನಿಟ್ಟಿನದು. ಪ್ರತಿ ವಸ್ತುವೂ ಯಾವ ಬಗೆಯದೆಂದು ಮೊದಲೇ ಹೇಳಬೇಕು. ಸಂಖ್ಯೆ ಎಂದು ಹೇಳಿದ ಜಾಗದಲ್ಲಿ ಹೆಸರು ತುಂಬಿದರೆ, ಇರಲೇಬೇಕಾದದ್ದನ್ನು ಬಿಟ್ಟರೆ, ಪ್ರೋಗ್ರಾಂ ಓಡುವ ಮೊದಲೇ ಪರದೆಯ ಮೇಲೆ ಆ ಪದದ ಕೆಳಗೆ ಕೆಂಪು ಗೆರೆ ಬೀಳುತ್ತದೆ. ಹೊನ್ನೂರಸ್ವಾಮಿ ತರಗತಿಯಲ್ಲಿ ಇದನ್ನು ಹೀಗೆ ವಿವರಿಸಿದ:

“ನೋಡ್ರಪ್ಪಾ, ಪ್ರತಿಯೊಂದಕ್ಕೂ ಜಾತಿ ಸರ್ಟಿಫಿಕೇಟ್ ಕೇಳ್ತೈತಿ ಇದು. ತಹಸೀಲ್ದಾರ್ ಆಫೀಸ್ ಇದ್ದಂಗ.”

ಹುಡುಗರು ನಕ್ಕರು. ಮೊದಲ ಹಂತ ಅಷ್ಟಕ್ಕೇ ಮುಗಿಯಿತು. ತಾನು ಹೇಳಿಕೊಟ್ಟದ್ದನ್ನು ಅವನು ಹಿಂದಿನ ರಾತ್ರಿ ಯಾವುದೋ ವಿಡಿಯೋ ನೋಡಿ ಕಲಿತಿದ್ದ. ಮಧ್ಯಮ ಹಂತಕ್ಕೆ ಬಂದಾಗ ವಿಡಿಯೋದವನು ವೇಗವಾಗಿ ಮಾತಾಡತೊಡಗಿದ, ಕೆಂಪು ಗೆರೆಗಳು ಹೆಚ್ಚಾದವು. ಆಗ ಅವನು ಒಂದು ಪದವನ್ನು ಕಂಡುಕೊಂಡ. ಅದು ‘ಎನಿ’. ಈ ವಸ್ತು ಏನಾದರೂ ಆಗಿರಲಿ, ಕೇಳಬೇಡ ಎಂದು ಅದರ ಅರ್ಥ. ಎನಿ ಎಂದು ಬರೆದ ಕಡೆ ಆ ಭಾಷೆ ತನಿಖೆ ಮಾಡುವುದಿಲ್ಲ, ಗೆರೆ ಹೋಗುತ್ತದೆ. ಹದಿನೆಂಟು ವರ್ಷಗಳ ಬಳಿಕ ಹೊನ್ನೂರಸ್ವಾಮಿಗೆ ತನ್ನ ‘ಆದ್ದರಿಂದ’ ಮರಳಿ ಸಿಕ್ಕಿತ್ತು.

ಅದನ್ನು ಅವನು ಎಲ್ಲ ಕಡೆ ಬರೆದ. ಕಟ್ಟುನಿಟ್ಟು ಬೇಕೋ ಬೇಡವೋ ಎಂದು ಕೇಳುವ ಒಂದು ಆಯ್ಕೆ ಆ ಭಾಷೆಯಲ್ಲಿದೆ, ಅಲ್ಲಿ ಬೇಡ ಎಂದು ಒತ್ತಿ ಕಟ್ಟುನಿಟ್ಟನ್ನೂ ಆರಿಸಿಟ್ಟ. ಗುಡಿಯ ಹೊರಗೆ ಚಪ್ಪಲಿ ಬಿಡುವಷ್ಟು ಸಹಜವಾಗಿ.

ಇದನ್ನು ಕಂಡುಹಿಡಿದವಳು ನೀಲಾವತಿ. ಅವಳು ಒಮ್ಮೆ ಅವನ ಬಳಿಯೇ ಟ್ಯಾಲಿ ಕಲಿತವಳು. ನಂತರ ಆರು ವರ್ಷ ಒಂದು ಜೀನ್ಸ್ ಕಾರ್ಖಾನೆಯ ಚೆಕಿಂಗ್ ವಿಭಾಗದಲ್ಲಿ ಪ್ಯಾಂಟು ತಿರುಗಿಸಿ ಮುರುಗಿಸಿ ನೋಡಿ, ಹೊಲಿಗೆ ತಪ್ಪಿದ ಕಡೆ ಕೆಂಪು ಸ್ಟಿಕ್ಕರ್ ಅಂಟಿಸುವ ಕೆಲಸ ಮಾಡಿದಳು. ರಜೆಯ ದಿನಗಳಲ್ಲಿ ಸೆಂಟರಿಗೆ ಬಂದು ಕಲಿತು ಕಲಿತು, ಕೊನೆಗೆ ಕಾರ್ಖಾನೆ ಬಿಟ್ಟು ಇಲ್ಲಿಯೇ ಸಹಾಯಕಿಯಾಗಿ ಸೇರಿದಳು. ಅವಳು ಅವನ ಪರದೆಯನ್ನು ನೋಡಿ ಹೇಳಿದ್ದು ಇಷ್ಟು:

“ಸರ್, ಸ್ಟಿಕ್ಕರ್ ಕಿತ್ತಿದ್ರ ಹೊಲಿಗಿ ಸರಿ ಆಗೋದಿಲ್ರಿ. ನಮ್ಮ ಕಾರ್ಖಾನ್ಯಾಗ ಟೇಲರ್‌ಗಳು ಹಿಂಗೇ ಮಾಡ್ತಿದ್ರು.”

“ಓಡ್ತೈತಿಲ್ಲ?”

“ಪ್ಯಾಂಟೂ ಓಡ್ತೈತ್ರಿ. ಕುಂತಾಗ ಹರಿತೈತಿ.”

ಅವನು ಇದನ್ನು ನನ್ನ ಮನೆಗೆ ಬಂದು ದೂರಿನಂತೆ ಹೇಳಿದ. ಅವಳು ಹೇಳಿದ್ದು ಸರಿ ಎಂದೆ. ಅವನು ಕಾಫಿ ಕುಡಿಯದೆ ಎದ್ದು ಹೋದ.

ಪ್ಯಾಂಟು ಹರಿದದ್ದು ಸಿರುಗುಪ್ಪದಲ್ಲಿ.

ಅವರ ಸಮಾಜದವರು ಸಿರುಗುಪ್ಪದ ಒಂದು ಕಲ್ಯಾಣಮಂಟಪದಲ್ಲಿ ವಧು-ವರರ ಸಮಾವೇಶ ಇಟ್ಟುಕೊಂಡಿದ್ದರು. ರಾಮಾಂಜಿನಿ ಸಮಾಜದ ಉಪಾಧ್ಯಕ್ಷ. ಹುಡುಗ ಹುಡುಗಿಯರ ವಿವರ ತುಂಬಿದರೆ ಯಾರಿಗೆ ಯಾರು ಹೊಂದುತ್ತಾರೆಂದು ತಾನೇ ಹೇಳುವ ವೆಬ್‌ಸೈಟ್ ಮಾಡಿಕೊಡುತ್ತೇನೆಂದು ಅವನು ಸಭೆಯಲ್ಲಿ ಒಪ್ಪಿಕೊಂಡು ಬಂದ. ಬಂದವನು ಹೊನ್ನೂರಸ್ವಾಮಿಗೆ ಸ್ಪಷ್ಟವಾಗಿ ಹೇಳಿದ:

“ಮಧ್ಯಮ ಹಂತದ ಬ್ಯಾಚಿಗೆ ಮೂವತ್ತು ಮಂದಿ ಹೆಸರು ಕೊಟ್ಟಾರ. ಈ ಕೆಲಸ ಸರಿ ಮಾಡಿದ್ರ ಬ್ಯಾಚ್ ನಿಂದು. ಕೆಡಿಸಿದ್ರ ನೀಲಾವತಿದು. ನೀನು ಕೆಳಗ ಮೆಟ್ಲ ಹತ್ರ ನಮ್ಮ ಝೆರಾಕ್ಸ್ ಮಿಷನ್ ನೋಡ್ಕೊಂಡು ಇರು.”

ಝೆರಾಕ್ಸ್ ಯಂತ್ರದ ಮುಂದೆ ನಿಂತವನನ್ನು ಯಾರೂ ಸರ್ ಎನ್ನುವುದಿಲ್ಲ. ‘ಏ, ಎರಡು ಕಾಪಿ’ ಎನ್ನುತ್ತಾರೆ.

ಇಲ್ಲಿ ಹೊರಗಿನವರಿಗೆ ಒಂದು ಮಾತು ಹೇಳಬೇಕು. ನಮ್ಮ ಕಡೆಯ ಮದುವೆಯಲ್ಲಿ ಜಾತಕಕ್ಕಿಂತ ಮೊದಲು ವರಸೆ ನೋಡುತ್ತಾರೆ. ವರಸೆ ಎಂದರೆ ಇಬ್ಬರ ನಡುವಿನ ಸಂಬಂಧದ ಬಗೆ. ಸೋದರತ್ತೆಯ ಮಗಳು, ಸೋದರಮಾವನ ಮಗಳು ಮದುವೆಗೆ ಕೂಡುತ್ತಾರೆ. ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳು, ಚಿಕ್ಕಮ್ಮ ದೊಡ್ಡಮ್ಮನ ಮಕ್ಕಳು ಒಡಹುಟ್ಟಿದವರಿಗೆ ಸಮ, ಅಲ್ಲಿ ಮದುವೆಯ ಮಾತೆತ್ತುವುದೂ ತಪ್ಪು. ಐದು ವರ್ಷದ ಮಗುವಿಗೂ ಈ ವ್ಯತ್ಯಾಸ ಗೊತ್ತಿರುತ್ತದೆ. ಹೊನ್ನೂರಸ್ವಾಮಿಗೂ ಗೊತ್ತಿತ್ತು. ಆದರೆ ಅವನು ಮಾದರಿಯಾಗಿ ಇಳಿಸಿಕೊಂಡ ಪಾಠ ಇಂಗ್ಲಿಷಿನದು. ಅದರಲ್ಲಿ ಅಪ್ಪನ ತಮ್ಮನ ಮಗಳೂ ಅಪ್ಪನ ತಂಗಿಯ ಮಗಳೂ ‘ಕಸಿನ್’ ಎಂಬ ಒಂದೇ ಪೆಟ್ಟಿಗೆಯಲ್ಲಿದ್ದರು. ಅವನು ಪೆಟ್ಟಿಗೆಯನ್ನು ಎರಡು ಮಾಡಲು ಹೋದ. ನಲವತ್ತು ಕಡೆ ಕೆಂಪು ಗೆರೆ ಬಿತ್ತು. ನಲವತ್ತು ಕಡೆಯೂ ಎನಿ ಎಂದು ಬರೆದ. ಗೆರೆಗಳು ಹೋದವು. ಅವನು ನೆಮ್ಮದಿಯಾಗಿ ಸಿರುಗುಪ್ಪದ ಬಸ್ಸು ಹತ್ತಿದ.

ಆ ದಿನದ ಬಗ್ಗೆ ನಾನು ಮೂವರಿಂದ ಕೇಳಿದ್ದೇನೆ. ಮೂವರ ಮಾತೂ ಇಷ್ಟರ ಮಟ್ಟಿಗೆ ಒಂದೇ ಇದೆ. ಮಂಟಪದಲ್ಲಿ ದೊಡ್ಡ ಪರದೆ ಕಟ್ಟಿದ್ದರು. ಎಲ್ಲರಿಗಿಂತ ಹೆಚ್ಚು ಹೊಂದುವ ಜೋಡಿಯನ್ನು ಮೊದಲು ತೋರಿಸುವುದೆಂದು ರಾಮಾಂಜಿನಿ ಮೈಕಿನಲ್ಲಿ ಹೇಳಿದ. ಹೊನ್ನೂರಸ್ವಾಮಿ ಗುಂಡಿ ಒತ್ತಿದ. ನೂರಕ್ಕೆ ತೊಂಬತ್ತೆಂಟು ಅಂಕ ಪಡೆದು ಎರಡು ಫೋಟೋ ಪರದೆಯ ಮೇಲೆ ಬಂದವು. ಹುಡುಗ ಕುರುಗೋಡಿನ ಮಾರೇಶನ ಮಗ. ಹುಡುಗಿ ಕುರುಗೋಡಿನವಳೇ, ಮಾರೇಶನ ಸ್ವಂತ ತಮ್ಮನ ಮಗಳು. ಪ್ರೋಗ್ರಾಂ ತಪ್ಪು ಲೆಕ್ಕ ಹಾಕಿರಲಿಲ್ಲ. ಒಂದೇ ಊರು, ಒಂದೇ ಭಾಷೆ, ಒಂದೇ ಮನೆದೇವರು, ಒಂದೇ ಊಟದ ಪದ್ಧತಿ, ಒಂದೇ ಮನೆ ನಂಬರು. ಅಷ್ಟು ಚೆನ್ನಾಗಿ ಹೊಂದುವವರು ಇನ್ನಾರೂ ಸಿಕ್ಕುವಂತಿರಲಿಲ್ಲ. ಇಬ್ಬರೂ ಮೂರನೆಯ ಸಾಲಿನಲ್ಲಿ ಅಕ್ಕಪಕ್ಕ ಕೂತು ಒಂದೇ ತಟ್ಟೆಯಿಂದ ಮಿರ್ಚಿ ತಿನ್ನುತ್ತಿದ್ದರು.

ಹುಡುಗ ಎದ್ದು ನಿಂತ. “ಯಾವನಲೇ ಅವ? ನಮ್ಮಕ್ಕ ಆಗ್ಬೇಕು ಈಕಿ!”

ಹುಡುಗಿ ಕೈಯಲ್ಲಿದ್ದ ಮಿರ್ಚಿಯನ್ನು ಪರದೆಯ ಕಡೆ ಎಸೆದಳು. ಮಾರೇಶ ವೇದಿಕೆ ಹತ್ತಿ, “ಕಂಪ್ಯೂಟರ್ ಕಲಿಸಾವ ಯಾರು, ಬರ್ರಿ ಹೊರಗ” ಎಂದ. ‘ಬರ್ರಿ’ ಎಂದು ಬಹುವಚನದಲ್ಲೇ ಕರೆದ ಎಂದು ಹೊನ್ನೂರಸ್ವಾಮಿ ನನಗೆ ಒತ್ತಿ ಹೇಳಿದ್ದಾನೆ. ಅವನು ಅಡುಗೆಮನೆಯ ಬಾಗಿಲಿನಿಂದ ಹೊರಬಿದ್ದು ಬಳ್ಳಾರಿ ಸೇರಿದ.

ಆದರೂ ರಾಮಾಂಜಿನಿ ಅವನನ್ನು ಆ ದಿನವೇ ಝೆರಾಕ್ಸ್ ಯಂತ್ರಕ್ಕೆ ಇಳಿಸಲಿಲ್ಲ. ಎರಡು ತಿಂಗಳಿಗೆ ಕುರುಗೋಡಿನಲ್ಲಿ ಇನ್ನೊಂದು ಸಮಾವೇಶವಿತ್ತು. ಕೆಡಿಸಿದವನೇ ಸರಿಮಾಡಿ ತೋರಿಸಿದರೆ ಸಮಾಜದ ಮುಂದೆ ತನ್ನ ಮಾನವೂ ಉಳಿಯುತ್ತದೆ ಎಂದು ಲೆಕ್ಕ ಹಾಕಿ, ಅಲ್ಲಿಯವರೆಗೆ ನೀಲಾವತಿಯ ಕೈಕೆಳಗೆ ಕೂತು ಕಲಿ ಎಂದ.

ಹೀಗೆ ಹೊನ್ನೂರಸ್ವಾಮಿ ತಾನು ಹದಿನೈದು ವರ್ಷ ನಿಂತು ಮಾತಾಡಿದ ಕೋಣೆಯಲ್ಲಿ ಮೊದಲ ಬೆಂಚಿನ ಮೇಲೆ ಕೂತ. ನೀಲಾವತಿ ಅವನನ್ನು ಸರ್ ಎಂದೇ ಕರೆಯುತ್ತಿದ್ದಳು, ಆದರೆ ಬೈಯುವಾಗ ಆ ಪದ ಅವನಿಗೆ ಯಾವ ರಕ್ಷಣೆಯನ್ನೂ ಕೊಡಲಿಲ್ಲ.

“ಸರ್, ಏನ್ರಿ ಇದು?”

“ಗೆರಿ ಹೋಗ್ಲಿಲ್ಲಮ್ಮ, ಅದಕ್ಕ…”

“ಗೆರಿ ಏನು ಹೇಳ್ತೈತಿ ಓದಿದ್ರೇನು?”

“ಇಂಗ್ಲಿಷ್‌ನ್ಯಾಗ ಐತಿ.”

“ಓದ್ರಿ.”

ಅವನು ಓದಿದ. ತನ್ನ ಜೀವನದಲ್ಲಿ ಮೊದಲ ಸಲ ಅವನು ಕೆಂಪು ಗೆರೆಯ ಕೆಳಗೆ ಏನು ಬರೆದಿದೆ ಎಂದು ಓದಿದ. ಮೂವತ್ತೇಳು ವರ್ಷಕ್ಕೆ ಇದು ತಡವೇ. ಆದರೆ ಓದದೆಯೇ ನಿವೃತ್ತರಾದ ಪ್ರಾಧ್ಯಾಪಕರನ್ನೂ ನಾನು ಬಲ್ಲೆ.

ಎನಿಯನ್ನು ಅವಳು ನಿಷೇಧಿಸಿದಳು. ಆರಿಸಿಟ್ಟಿದ್ದ ಕಟ್ಟುನಿಟ್ಟನ್ನು ಮತ್ತೆ ಹಚ್ಚಿಸಿದಳು. ಒಂದೇ ಒಂದು ವಿನಾಯಿತಿ ಕೊಟ್ಟಳು. ‘ನನಗೆ ಗೊತ್ತು, ಇದು ಇಂಥದ್ದೇ, ನೀನು ಸುಮ್ಮನಿರು’ ಎಂದು ಭಾಷೆಯ ಬಾಯಿ ಮುಚ್ಚಿಸುವ ಇನ್ನೊಂದು ಪದವಿದೆ, ‘ಆ್ಯಸ್’ ಎಂದು. ಅನಿವಾರ್ಯವಾದರೆ ಅದನ್ನು ಬಳಸಬಹುದು, ಆದರೆ ಬಳಸಿದ ಕಡೆಯೆಲ್ಲ ಅದರ ಮೇಲಿನ ಸಾಲಿನಲ್ಲಿ ಯಾಕೆ ಬಳಸಿದೆ ಎಂದು ಕನ್ನಡದಲ್ಲಿ ಬರೆಯಬೇಕು. ಎರಡು ಓರೆಗೆರೆ ಹಾಕಿ ಬರೆದ ಸಾಲನ್ನು ಯಂತ್ರ ಓದುವುದಿಲ್ಲ, ಮನುಷ್ಯರು ಮಾತ್ರ ಓದುತ್ತಾರೆ.

“ಕಾರ್ಖಾನ್ಯಾಗ ತಪ್ಪಿದ್ದ ಪೀಸ್ ಕಳಿಸ್ಬೇಕಾದ್ರ ಚೀಟಿ ಕಟ್ಟಿ ಕಳಿಸ್ತಿದ್ವಿ. ಚೀಟಿ ಇಲ್ಲದ ಹೋದ್ರ ಅದು ಕಳ್ಳ ಮಾಲು.”

ಹೊನ್ನೂರಸ್ವಾಮಿ ಇದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಬರೆದುಕೊಂಡದ್ದನ್ನು ಚಾಚೂ ತಪ್ಪದೆ ಪಾಲಿಸುವುದು ಅವನ ಒಂದು ಗುಣ. ಅದು ಅವನಿಗೆ ಮುಂದೆ ದುಬಾರಿಯಾಯಿತು.

ಒಂದು ಭಾನುವಾರ ಇಬ್ಬರೂ ಕೊಳಗಲ್ಲಿಗೆ ಹೋದರು. ಹೊನ್ನೂರಸ್ವಾಮಿಯ ತಾಯಿ ಪಕ್ಕೀರಮ್ಮ ವರಸೆಯ ವಿಷಯದಲ್ಲಿ ಸುತ್ತಲ ಹತ್ತು ಹಳ್ಳಿಗೆ ಕೊನೆಯ ನ್ಯಾಯಾಲಯ. ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದ ಆಕೆಯ ಎದುರು ನೀಲಾವತಿ ಲ್ಯಾಪ್‌ಟಾಪ್ ತೆರೆದಳು.

“ಅಪ್ಪನ ಅಣ್ಣನ ಮಗಳು ಏನಾಗ್ಬೇಕು ಅಮ್ಮಾ?”

“ಅಕ್ಕ ತಂಗಿ.”

“ಅಪ್ಪನ ತಂಗಿ ಮಗಳು?”

“ಹೆಣ್ತಿ.”

“ಅವ್ವನ ತಂಗಿ ಮಗಳು?”

“ಏ ಹುಡುಗಿ, ನಿಮ್ಮವ್ವ ನಿನಗೇನೂ ಹೇಳಿಲ್ಲೇನ? ತಂಗಿ.”

“ಅಕ್ಕನ ಮಗಳು?”

“ಆಗ್ತೈತಿ. ಮಸ್ತ್ ಆಗ್ತೈತಿ.”

ಇಷ್ಟೂ ಸಂಬಂಧಗಳನ್ನು ನೀಲಾವತಿ ಬೇರೆ ಬೇರೆ ಬಗೆಗಳಾಗಿ ಬರೆದಳು. ಒಂದೊಂದಕ್ಕೂ ಕೂಡುತ್ತದೆ, ಕೂಡುವುದಿಲ್ಲ ಎಂದು ಉತ್ತರ ಬರೆಯುವ ಕೆಲಸವನ್ನು ಹೊನ್ನೂರಸ್ವಾಮಿಗೆ ಬಿಟ್ಟಳು. ಅವನು ಎಲ್ಲವನ್ನೂ ಬರೆದು ಮುಗಿಸಿದೆ ಎಂದ. ಕೊನೆಯಲ್ಲಿ ಒಂದು ಕೆಂಪು ಗೆರೆ ಉಳಿದಿತ್ತು. ಅವನ ಕೈ ಹಳೆಯ ಅಭ್ಯಾಸದಿಂದ ಎನಿಯತ್ತ ಹೋಗಿ ನಿಂತಿತು. ಓದಿದ. ಒಂದು ಬಗೆಗೆ ಉತ್ತರ ಹೇಳದೆ ಬಿಟ್ಟಿದ್ದೀಯ ಎಂದು ಅದರಲ್ಲಿತ್ತು. ಯಾವುದು ಎಂದು ಹುಡುಕಿದ. ನೀಲಾವತಿ ಅಕ್ಕನ ಮಗಳು, ತಂಗಿಯ ಮಗಳು ಎಂದು ಎರಡು ಬಗೆ ಮಾಡಿದ್ದಳು. ಅವನು ಒಂದಕ್ಕೆ ಮಾತ್ರ ಉತ್ತರ ಬರೆದಿದ್ದ.

“ಅವ್ವಾ, ತಂಗಿ ಮಗಳು?”

ಪಕ್ಕೀರಮ್ಮ ಶೇಂಗಾ ಸುಲಿಯುವುದನ್ನು ನಿಲ್ಲಿಸಿದಳು. “ತಂಗಿ ಮಗಳು ಆಗಂಗಿಲ್ಲ. ಆಕಿ ಮಗಳಿದ್ದಂಗ.”

“ಅಕ್ಕನ ಮಗಳು ಆದ್ರ ತಂಗಿ ಮಗಳು ಯಾಕ ಆಗಂಗಿಲ್ಲ?”

“ಆಗಂಗಿಲ್ಲ ಅಂದ್ರ ಆಗಂಗಿಲ್ಲ. ಇದನ್ನ ಕೇಳಾಕ ಬಳ್ಳಾರಿಯಿಂದ ಬಂದ್ಯಾ?”

ವೈದ್ಯರನ್ನು ಕೇಳಿದರೆ ಎರಡೂ ಬೇಡ, ಅತ್ತೆಯ ಮಗಳೂ ಬೇಡ ಎನ್ನುತ್ತಾರೆ. ವೈದ್ಯರನ್ನು ಯಾರೂ ಕೇಳಲಿಲ್ಲ. ಆದರೆ ಹೊನ್ನೂರಸ್ವಾಮಿ ಅವತ್ತು ಸಂಜೆ ನನ್ನ ಮನೆಗೆ ಬಂದು ನಿಂತೇ ಹೇಳಿದ: “ಮೇಡಂ, ನನಗ ಮರೆತದ್ದು ಅದಕ್ಕ ಗೊತ್ತಿತ್ರಿ.” ಕೆಂಪು ಗೆರೆ ಶಿಕ್ಷೆಯಲ್ಲ, ಸುದ್ದಿ ಎಂದು ಅವನಿಗೆ ಅಂದು ತಿಳಿಯಿತು. ಅವನು ಏನನ್ನಾದರೂ ತಿಳಿದುಕೊಂಡದ್ದನ್ನು ನಾನು ಕಣ್ಣಾರೆ ಕಂಡದ್ದು ಅದೊಂದೇ ಸಲ, ಆದ್ದರಿಂದ ದಾಖಲಿಸುತ್ತಿದ್ದೇನೆ.

ಕೊಳಗಲ್ಲಿನಿಂದ ಹೊರಡುವ ಮುನ್ನ ನೀಲಾವತಿ ಪಕ್ಕೀರಮ್ಮನನ್ನು ಇನ್ನೊಂದು ಪ್ರಶ್ನೆ ಕೇಳಿದ್ದಳು. ಒಂದೇ ಹುಡುಗಿ ಒಂದು ಕಡೆಯಿಂದ ನೋಡಿದರೆ ತಂಗಿ, ಇನ್ನೊಂದು ಕಡೆಯಿಂದ ನೋಡಿದರೆ ಅತ್ತೆಯ ಮಗಳು ಆದರೆ? ಇಡೀ ಸಮಾಜವೇ ನೆಂಟರಾದ್ದರಿಂದ ಇದು ಆಗಾಗ ಆಗುತ್ತದೆ.

“ಎಲ್ಲಾ ಕಡಿಯಿಂದನೂ ಕೂಡ್ಬೇಕು,” ಎಂದಳು ಪಕ್ಕೀರಮ್ಮ. “ಒಂದು ಕಡಿಯಿಂದ ತಂಗಿ ಅಂದ್ರ ತಂಗಿನೇ. ಮುಗೀತು.”

ನೀಲಾವತಿ ಅದನ್ನೂ ಬರೆದಳು.

ಕುರುಗೋಡಿನ ಸಮಾವೇಶಕ್ಕೆ ನನ್ನನ್ನು ಅತಿಥಿಯಾಗಿ ಕರೆದಿದ್ದರು, ಹೆಣ್ಣುಮಕ್ಕಳ ಶಿಕ್ಷಣದ ಬಗ್ಗೆ ಹತ್ತು ನಿಮಿಷ ಮಾತಾಡಬೇಕೆಂದು. ಬೆಳಿಗ್ಗೆ ಒಂಬತ್ತಕ್ಕೇ ಹೋಗಿ ಕೂತಿದ್ದೆ. ವೇದಿಕೆಯ ಮಗ್ಗುಲಲ್ಲಿ ಹೊನ್ನೂರಸ್ವಾಮಿ ಪ್ರೋಗ್ರಾಂ ಪರೀಕ್ಷಿಸುತ್ತಿದ್ದ. ನೂರಾ ನಲವತ್ತು ಹೆಸರು ತುಂಬಿತ್ತು, ಒಂದು ಕೆಂಪು ಗೆರೆಯೂ ಇರಲಿಲ್ಲ, ಒಂದು ಎನಿಯೂ ಇರಲಿಲ್ಲ. ನೀಲಾವತಿ ತಪ್ಪು ಹುಡುಕಿ ಹುಡುಕಿ ಸೋತು ಊಟದ ವ್ಯವಸ್ಥೆ ನೋಡಲು ಹೋಗಿದ್ದಳು. ಬ್ಯಾಚು ಅವನಿಗೇ ಎಂದು ಬಹುತೇಕ ತೀರ್ಮಾನವಾಗಿತ್ತು.

ಆಗ ರಾಮಾಂಜಿನಿ ಬಂದ.

“ನಮ್ಮ ಅಮರೇಶನ ಹೆಸರು ಹಾಕು. ತೆಕ್ಕಲಕೋಟಿ ಚಂದ್ರಣ್ಣನ ಮಗಳ ಹೆಸರು ಹಾಕು. ಮೊದಲ ಜೋಡಿ ಅದನ್ನೇ ತೋರಿಸ್ಬೇಕು.”

ಅಮರೇಶ ರಾಮಾಂಜಿನಿಯ ಮಗ. ಚಂದ್ರಣ್ಣನಿಗೆ ತೆಕ್ಕಲಕೋಟೆಯಲ್ಲಿ ಎರಡು ಅಕ್ಕಿ ಗಿರಣಿಗಳಿವೆ. ಇದಕ್ಕಿಂತ ಹೆಚ್ಚಿನ ವಿವರಣೆ ಅಗತ್ಯವಿಲ್ಲ.

ಹೊನ್ನೂರಸ್ವಾಮಿ ಎರಡೂ ಹೆಸರನ್ನು ಮನೆತನದ ವಿವರದೊಂದಿಗೆ ಹಾಕಿದ. ಉತ್ತರ ಬಂತು: ವರಸೆ ಕೂಡುವುದಿಲ್ಲ. ಅಮರೇಶನ ತಾಯಿಯ ಅಜ್ಜ, ಈ ಹುಡುಗಿಯ ಅಜ್ಜ ಇಬ್ಬರೂ ಒಡಹುಟ್ಟಿದ ಅಣ್ಣತಮ್ಮಂದಿರು. ಹಾಗಾಗಿ ಅಮರೇಶನ ತಾಯಿಗೆ ಆಕೆ ತಂಗಿ.

“ಮಾವ, ಅಮರೇಶಗ ಚಿಗವ್ವ ಆಗ್ತಾಳ ಈಕಿ.”

“ಗೊತ್ತೈತಿ. ತೆಗಿ ಅದನ್ನ.”

“ಮಾವ, ಅದು ತಪ್ಪಲ್ಲ. ಖರೇನ ಹೇಳ್ತೈತಿ.”

“ಹೊನ್ನೂರಾ, ಹದಿನೈದು ವರ್ಷದಾಗ ನಿನಗ ಚೊಲೋ ಬರೋ ಕೆಲಸ ಇದೊಂದೇ. ಇವತ್ತು ಬೇಕಾಗೈತಿ, ಮಾಡು. ಬ್ಯಾಚ್ ನಿಂದು. ಮಾಡಲಿಲ್ಲ, ಕೆಳಗ ಝೆರಾಕ್ಸ್ ಮಿಷನ್ ಐತಿ.”

ನಾನು ಎರಡು ಕುರ್ಚಿಗಳಾಚೆ ಕೂತಿದ್ದೆ. ನನ್ನ ಕಿವಿ ಇನ್ನೂ ಚೆನ್ನಾಗಿದೆ. ಹೊನ್ನೂರಸ್ವಾಮಿ ಒಮ್ಮೆ ನನ್ನ ಕಡೆ ನೋಡಿದ. ಉತ್ತರವನ್ನು ಹೇಳಿಕೊಟ್ಟು ಯಾರನ್ನೂ ಪಾಸು ಮಾಡಿದವಳಲ್ಲ ನಾನು.

ಅವನು ಬರೆದ. ಹಿಂದಿನಂತೆ ಎಲ್ಲ ಕಡೆ ಎನಿ ಸುರಿಯಲಿಲ್ಲ. ಸಾವಿರ ಸಾಲುಗಳಲ್ಲಿ ಸುಳ್ಳನ್ನು ಎಲ್ಲಿ ಇಟ್ಟರೆ ಉಳಿದದ್ದೆಲ್ಲ ನಿಜವಾಗಿಯೇ ಉಳಿಯುತ್ತದೋ ಆ ಒಂದು ಸಾಲಿಗೆ ನೇರವಾಗಿ ಹೋದ. ಚಿಕ್ಕಮ್ಮನನ್ನು ಅತ್ತೆಯ ಮಗಳು ಎಂದು ಒಂದೇ ಸಲಕ್ಕೆ ಹೇಳಿದರೆ ಆ ಭಾಷೆ ಒಪ್ಪುವುದಿಲ್ಲ, ಅಷ್ಟು ದೊಡ್ಡ ಸುಳ್ಳಿಗೆ ಅದು ಮತ್ತೆ ಕೆಂಪು ಗೆರೆ ಎಳೆಯುತ್ತದೆ. ಮೊದಲು ‘ಈಕೆ ಯಾರೋ ಗೊತ್ತಿಲ್ಲ’ ಎನ್ನಬೇಕು, ಆಮೇಲೆ ‘ಈಕೆ ಅತ್ತೆಯ ಮಗಳು’ ಎನ್ನಬೇಕು. ಆ್ಯಸ್ ಪದವನ್ನು ಎರಡು ಸಲ ಬರೆಯಬೇಕು. ಹೊನ್ನೂರಸ್ವಾಮಿಗೆ ಅದೂ ಗೊತ್ತಿತ್ತು. ಮಧ್ಯಮ ಹಂತ ಎಂದರೇನು ಎಂದು ನನ್ನನ್ನು ಯಾರಾದರೂ ಕೇಳಿದರೆ ಇದನ್ನೇ ಹೇಳುತ್ತೇನೆ. ಆರಂಭಿಕನು ತಿಳಿಯದೆ ಸುಳ್ಳು ಬರೆಯುತ್ತಾನೆ, ಮಧ್ಯಮ ಹಂತದವನಿಗೆ ಸುಳ್ಳಿನ ಜಾಗ ಗೊತ್ತಿರುತ್ತದೆ.

ಆಮೇಲೆ ನೋಟ್‌ಬುಕ್ಕಿನ ನಿಯಮದಂತೆ, ಅದರ ಮೇಲಿನ ಸಾಲಿನಲ್ಲಿ ಎರಡು ಓರೆಗೆರೆ ಹಾಕಿ ಇನ್ನೇನನ್ನೋ ಬರೆದ. ಏನೆಂದು ನನಗೆ ಕಾಣಲಿಲ್ಲ.

ಹನ್ನೊಂದು ಗಂಟೆಗೆ ಮಂಟಪ ತುಂಬಿತು. ಪರದೆಯ ಮೇಲೆ ಅಮರೇಶನೂ ಚಂದ್ರಣ್ಣನ ಮಗಳೂ ಬಂದರು. ವರಸೆ ಕೂಡುತ್ತದೆ ಎಂದು ಹಸಿರು ಅಕ್ಷರ. ಚಪ್ಪಾಳೆ ಶುರುವಾಯಿತು. ಆದರೆ ಸಿರುಗುಪ್ಪವನ್ನು ಮರೆಯದ ಒಬ್ಬನು ಅಲ್ಲಿದ್ದ. ಮಾರೇಶ. ಎದ್ದು ನಿಂತು ಕೇಳಿದ:

“ಇದು ಖರೇ ಕಂಪ್ಯೂಟರ್ ಹೇಳಿದ್ದೋ, ನೀವೇ ಬರದು ಅಂಟಿಸಿದ್ದೋ? ಹೋದ ಸಲ ನಮ್ಮ ಮಕ್ಕಳಿಗೇ ಲಗ್ನ ಹಚ್ಚಿದ್ರಿ!”

ಜನ ನಕ್ಕರು. ರಾಮಾಂಜಿನಿಗೆ ರೇಗಿತು. ಮೈಕಿನಲ್ಲೇ ಕೂಗಿದ: “ಹೊನ್ನೂರಸ್ವಾಮಿ ಸರ್, ಒಳಗಿಂದು ತೆಗದು ತೋರಿಸ್ರಿ. ನೋಡ್ಲಿ ಎಲ್ಲಾರೂ. ಒಂದು ಸಾವಿರ ಸಾಲು ಐತಿ, ಎಲ್ಲಾ ಇಂಗ್ಲಿಷು!”

“ಮಾವ, ಅದು ಬ್ಯಾಡ…”

“ತೋರಿಸಲೇ!”

ಮೈಕಿನಲ್ಲಿ ಬಂದ ಆ ‘ಲೇ’ ಮಂಟಪದ ಕೊನೆಯವರೆಗೆ ಕೇಳಿಸಿತು. ಹೊನ್ನೂರಸ್ವಾಮಿ ತೋರಿಸಿದ. ಅಂಥ ಪ್ರೋಗ್ರಾಂಗಳನ್ನು ತೆರೆದರೆ ಕೊನೆಯ ಸಲ ಕೈಯಾಡಿಸಿದ ಜಾಗವೇ ಮೊದಲು ಕಾಣುತ್ತದೆ. ಹನ್ನೆರಡಡಿ ಪರದೆಯ ತುಂಬ ಇಂಗ್ಲಿಷ್ ಅಕ್ಷರಗಳು, ಬ್ರ್ಯಾಕೆಟ್ಟುಗಳು. ನಡುವೆ ಒಂದೇ ಒಂದು ಸಾಲು ಕನ್ನಡ. ನೆರೆದ ನಾನೂರು ಜನಕ್ಕೆ ಓದಲು ಬಂದದ್ದೂ ಅದೊಂದೇ ಸಾಲು. ಊರಿನ ಶಾಲೆಯಲ್ಲಿ ಪಾಠ ಓದುವಂತೆ ಎಲ್ಲರೂ ಗಟ್ಟಿಯಾಗಿ ಓದಿದರು:

‘ಇದು ಸುಳ್ಳು. ಹುಡುಗಿ ವರಸೆಯಲ್ಲಿ ಚಿಕ್ಕಮ್ಮ. ರಾಮಾಂಜಿನಿ ಮಾವ ಹೇಳಿದ್ದಕ್ಕೆ ಅತ್ತೆಯ ಮಗಳು ಎಂದು ಬರೆದಿದೆ. – ಹೊನ್ನೂರಸ್ವಾಮಿ.’

ಊಟದ ಮನೆಯಿಂದ ಓಡಿಬಂದ ನೀಲಾವತಿ ಬಾಗಿಲಲ್ಲೇ ನಿಂತು ತಲೆಯ ಮೇಲೆ ಕೈಯಿಟ್ಟುಕೊಂಡಳು. ಚಂದ್ರಣ್ಣ ತನ್ನ ಕಡೆಯವರನ್ನು ಎಬ್ಬಿಸತೊಡಗಿದ. ಮಾರೇಶ ನಗು ತಡೆಯಲಾಗದೆ ಕುರ್ಚಿ ಹಿಡಿದುಕೊಂಡ. ರಾಮಾಂಜಿನಿ ಮೈಕನ್ನು ಕೆಳಗಿಟ್ಟು, ಮುಂದಿನ ಸಾಲಿನಲ್ಲಿ ಕೂತಿದ್ದ ಪಕ್ಕೀರಮ್ಮನ ಕಡೆ ನೋಡಿ, “ಅಕ್ಕಾ” ಎಂದ. ಆ ದನಿಯನ್ನು ಅವನು ಎಷ್ಟೋ ವರ್ಷಗಳಿಂದ ಬಳಸಿರಲಿಲ್ಲ.

ಪಕ್ಕೀರಮ್ಮ ಎದ್ದಳು.

“ಅಜ್ಜಂದಿರದು ಯಾರಿಗೆ ನೆನಪೈತಿ? ಅವರು ಅಣ್ಣತಮ್ಮರೋ, ಬರೇ ದೋಸ್ತರೋ, ನನಗಂತೂ ಗೊತ್ತಿಲ್ಲಪ್ಪ.” ಎಲ್ಲರನ್ನೂ ನೋಡಿದಳು. “ಚಂದ್ರಣ್ಣನ ಹೆಣ್ತಿ ಅವ್ವ, ನಮ್ಮ ರಾಮಾಂಜಿನಿ ಅವ್ವ, ಇಬ್ಬರೂ ಅಕ್ಕ ತಂಗಿ ಮಕ್ಕಳು. ಅಂದ್ರ ಚಂದ್ರಣ್ಣನ ಹೆಣ್ತಿ ರಾಮಾಂಜಿನಿಗೆ ತಂಗಿ. ತಂಗಿ ಅಂದ್ರ ಅಮರೇಶಗ ಅತ್ತಿ. ಅತ್ತಿ ಮಗಳನ್ನ ಬಿಟ್ಟು ಬ್ಯಾರೆ ಯಾರನ್ನ ಮಾಡ್ಕೊಂತಾರ? ಕೂಡ್ತೈತಿ. ತಾಂಬೂಲ ತರ್ರಿ.”

ಮೊದಲು ಗೊತ್ತಿಲ್ಲ ಎಂದಳು, ಆಮೇಲೆ ಅತ್ತೆಯ ಮಗಳು ಎಂದಳು. ಬೆಳಿಗ್ಗೆ ಆಕೆಯ ಮಗ ಎರಡು ಸಲ ಆ್ಯಸ್ ಹಾಕಿ ಬರೆದದ್ದನ್ನೇ, ಅದೇ ಕ್ರಮದಲ್ಲಿ. ಎಲ್ಲ ಕಡೆಯಿಂದಲೂ ಕೂಡಬೇಕೆಂಬ ತನ್ನದೇ ಮಾತು ಎರಡು ತಿಂಗಳಲ್ಲಿ ಎಲ್ಲಿಗೆ ಹೋಯಿತೆಂದು ಯಾರೂ ಕೇಳಲಿಲ್ಲ. ಬಡವರ ಮಕ್ಕಳಿಗೆ ಆಕೆ ಆ ಮಾತನ್ನು ಈಗಲೂ ಹೇಳುತ್ತಾಳೆ. ಮಗನಿಗೂ ಆಕೆಗೂ ಇದ್ದ ವ್ಯತ್ಯಾಸ ಒಂದೇ, ಆಕೆ ಚೀಟಿ ಕಟ್ಟಲಿಲ್ಲ. ತಾಂಬೂಲ ಬಂತು. ಚಂದ್ರಣ್ಣ ಕೂತ. ನನ್ನ ಹತ್ತು ನಿಮಿಷದ ಭಾಷಣವನ್ನು ಊಟಕ್ಕೆ ತಡವಾಗುತ್ತದೆಂದು ರದ್ದುಮಾಡಿದರು, ಅದಕ್ಕೆ ನನ್ನ ಆಕ್ಷೇಪವಿಲ್ಲ.

ಮರುದಿನ ರಾಮಾಂಜಿನಿ ಬ್ಯಾಚನ್ನು ನೀಲಾವತಿಗೆ ಕೊಟ್ಟ. ಮಗನ ಮದುವೆ ಗೊತ್ತಾಗಿತ್ತು, ಆದರೂ ಕೊಟ್ಟ. ನಾನೂರು ಜನ ತನ್ನ ಹೆಸರನ್ನು ಗಟ್ಟಿಯಾಗಿ ಓದಿದ್ದನ್ನು ಮರೆಯುವಷ್ಟು ದೊಡ್ಡ ಮನುಷ್ಯ ಅವನಲ್ಲ. ಹೊನ್ನೂರಸ್ವಾಮಿ ತನ್ನ ನೋಟ್‌ಬುಕ್ ತೆಗೆದುಕೊಂಡು ಕೆಳಗಿಳಿಯಲು ಹೊರಟಾಗ ನೀಲಾವತಿ ಮೆಟ್ಟಿಲ ಮೇಲೆ ಅಡ್ಡ ನಿಂತಳು. ರಾಮಾಂಜಿನಿಗೆ ಕೇಳಿಸುವಂತೆ ಹೇಳಿದಳು:

“ಮೂವತ್ತು ಹುಡುಗರು ಬರದದ್ದು ಚೆಕಿಂಗ್ ಮಾಡಾಕ ಒಬ್ಬರು ಬೇಕು ನನಗ. ಇವರನ್ನ ಬಿಟ್ರ ನಾನೂ ಬ್ಯಾಚ್ ತಗಳ್ಳಂಗಿಲ್ಲ.”

“ಇವನಾ? ಇವನಿಗೇನು ಬರ್ತೈತಿ?”

“ಎಲ್ಲಿ ಕದ್ದು ಮುಚ್ಚಿರ್ತಾರ ಅನ್ನೋದು ಬರ್ತೈತ್ರಿ. ಅದು ನನಗ ಬರೋದಿಲ್ಲ.”

ಇದು ದಯೆಯ ಮಾತಲ್ಲ. ಆರು ವರ್ಷ ಚೆಕಿಂಗ್ ವಿಭಾಗದಲ್ಲಿದ್ದವಳು ದಯೆಯಿಂದ ಆಳು ಇಟ್ಟುಕೊಳ್ಳುವುದಿಲ್ಲ. ಮೊದಲ ವಾರದಲ್ಲೇ ಅವನು ಹದಿನೇಳು ಎನಿಗಳನ್ನು ಹಿಡಿದ, ಅದರಲ್ಲಿ ಎರಡನ್ನು ಬೇರೆ ಹೆಸರಿಟ್ಟು ಅಡಗಿಸಿದ್ದರು. ಅವನು ಕೊನೆಯ ಬೆಂಚಿನಲ್ಲಿ ಕೂರುತ್ತಾನೆ. ನೀಲಾವತಿ ಕಾರ್ಖಾನೆಯಿಂದ ತಂದಿದ್ದ ಕೆಂಪು ಸ್ಟಿಕ್ಕರುಗಳ ಹಾಳೆ ಅವನ ಜೇಬಿನಲ್ಲಿರುತ್ತದೆ. ತಪ್ಪು ಕಂಡ ಹುಡುಗನ ಪರದೆಯ ಮೂಲೆಗೆ ಒಂದನ್ನು ಅಂಟಿಸಿ ಹೋಗುತ್ತಾನೆ. ಹುಡುಗರು ಅವನನ್ನು ‘ಚೆಕಿಂಗ್ ಸರ್’ ಎನ್ನುತ್ತಾರೆ. ಬಿರುದು ಉದ್ದವಾಗಿದೆ, ಗೌರವ ಕಡಿಮೆಯಾಗಿದೆ. ಆದರೆ ಈ ಸಲ ಆ ಪದ ಪುಕ್ಕಟೆಯಾಗಿ ಬಂದದ್ದಲ್ಲ.

ಅಮರೇಶನ ಮದುವೆ ಮಾಘದಲ್ಲಿ ತೆಕ್ಕಲಕೋಟೆಯಲ್ಲಿ ಆಯಿತು. ಊಟ ಚೆನ್ನಾಗಿತ್ತು, ಅಕ್ಕಿಯಂತೂ ಮನೆಯದೇ. ಸಮಾಜದ ವೆಬ್‌ಸೈಟಿನಿಂದ ಹೊನ್ನೂರಸ್ವಾಮಿ ತನ್ನ ಆ ಒಂದು ಸಾಲನ್ನೂ ಅದರ ಮೇಲಿನ ಕನ್ನಡದ ಸಾಲನ್ನೂ ತೆಗೆದುಹಾಕಿದ್ದಾನೆ. ಹಾಗಾಗಿ ಅಲ್ಲಿ ಗಂಡ ಹೆಂಡತಿ ಇಬ್ಬರ ಹೆಸರಿನ ಮುಂದೆ ಇವತ್ತಿಗೂ ವರಸೆ ಕೂಡುವುದಿಲ್ಲ ಎಂದೇ ಇದೆ.

ರಾಮಾಂಜಿನಿ ವಾರಕ್ಕೊಮ್ಮೆ ಮಹಡಿ ಹತ್ತಿ, ಹುಡುಗರಿಗೆ ಕೇಳದಂತೆ ಬಗ್ಗಿ ಕೇಳುತ್ತಾನೆ:

“ಹೋತೇನೋ ಅದು?”

“ಇಲ್ಲ ಮಾವ. ಐತಿ.”